ಅಪ್‌ಟುಡೇಟ್‌ನಲ್ಲಿ ಹುಡುಕೋದು ಹೇಗೆ: ಮುಂಬೈಗೆ ಮೆಡಿಕಲ್ ಪಿಜಿಗೆ ಬಂದಿರೋ ನಮ್ಮವರಿಗೆ

ಹುಬ್ಬಳ್ಳಿ, ದಾವಣಗೆರೆ, ಮಂಗಳೂರು ಕಡೆಯಿಂದ ಮುಂಬೈಗೆ ಪಿಜಿ ಮಾಡೋಕೆ ಬಂದಿರೋ ಜೂನಿಯರ್ಸ್‌ಗೆ ಇದು. ಅಪ್‌ಟುಡೇಟ್ ಅಂದ್ರೆ ಕಾಯಿಲೆ, ಚಿಕಿತ್ಸೆ ಬಗ್ಗೆ ಡಾಕ್ಟರ್‌ಗಳು ನೋಡೋ ಆನ್‌ಲೈನ್ ಕೈಪಿಡಿ. ಕಾಲೇಜು ಅದಕ್ಕೆ ಚಂದಾ ಕಟ್ಟಿದ್ರೂ ಎಷ್ಟೋ ಜನ ಬರೀ ಕಾಯಿಲೆ ಹೆಸರು ಹಾಕ್ತಾರೆ, ಉದ್ದುದ್ದ ಟಾಪಿಕ್ ಬರತ್ತೆ, ರೌಂಡ್ಸ್ ಟೈಮಾಯ್ತು ಅಂತ ಮುಚ್ಚಿಬಿಡ್ತಾರೆ. ಮೊದ್ಲು ಪ್ರಶ್ನೆ ಸರಿ ಮಾಡ್ಕೊಳ್ಳಿ, ಟೈಪ್ ಮಾಡೋದು ಆಮೇಲೆ.

ಜುಲೈ ಮಳೇಲಿ ದಾದರ್‌ನ ಹಿಂದ್‌ಮಾತಾ ಹತ್ರ ನಿಂತ ನೀರಲ್ಲಿ ನಡ್ಕೊಂಡು ಬಂದವರು ಓಪಿಡಿಗೆ ಬಂದು, ಲೆಪ್ಟೋ (ಲೆಪ್ಟೋಸ್ಪೈರೋಸಿಸ್, ಇಲಿ ಜ್ವರ) ಬರದ ಹಾಗೆ ಗುಳಿಗೆ ತಗೋಬೇಕಾ ಅಂತ ಕೇಳ್ತಾರೆ ಅಂದ್ಕೊಳ್ಳಿ. ಇದನ್ನ ಪಿಕೋ (PICO) ಅನ್ನೋ ನಾಲ್ಕು ಪ್ರಶ್ನೆಗಳ ಥರ ಒಡೀಬೇಕು. ಯಾರಿಗೆ? ಜ್ವರ ಇಲ್ದೇ ಇರೋ, ನೀರಲ್ಲಿ ನಡೆದ ದೊಡ್ಡವರಿಗೆ. ಏನು ಕೊಡೋದು? ಡಾಕ್ಸಿಸೈಕ್ಲಿನ್ ಅನ್ನೋ ಆ್ಯಂಟಿಬಯಾಟಿಕ್. ಯಾವುದಕ್ಕೆ ಹೋಲಿಸಿ? ಏನೂ ಕೊಡದೇ ಇರೋದಕ್ಕೆ. ಏನಾಗ್ಬೇಕು? ಕಾಯಿಲೆ ಬರಬಾರದು. ಈಗ ಲೆಪ್ಟೋಸ್ಪೈರೋಸಿಸ್ ಜೊತೆ ಪ್ರೊಫಿಲ್ಯಾಕ್ಸಿಸ್ (ಕಾಯಿಲೆ ಬರದ ಹಾಗೆ ಮೊದ್ಲೇ ಔಷಧಿ ಕೊಡೋದು) ಅಂತನೂ ಸೇರಿಸಿ ಇಂಗ್ಲಿಷಲ್ಲಿ ಹಾಕಿ, ಅಡಲ್ಟ್ ಅಂತ ಫಿಲ್ಟರ್ ಮಾಡಿ, ಟಾಪಿಕ್ ಓಪನ್ ಆದ್ಮೇಲೆ ಔಟ್‌ಲೈನ್‌ನಿಂದ ಪ್ರಿವೆನ್ಷನ್ ಭಾಗಕ್ಕೆ ನೇರ ಹೋಗಿ, ಆಮೇಲೆ ಕೊನೇಲಿರೋ ಸಮ್ಮರಿ ಅಂಡ್ ರೆಕಮಂಡೇಶನ್ಸ್ ಓದಿ.

ಅಲ್ಲಿ ವಾಕ್ಯದ ಪಕ್ಕ 1ಬಿ, 2ಸಿ ಅಂತ ಗ್ರೇಡ್ ಇರತ್ತೆ, ದಯವಿಟ್ಟು ಅದನ್ನ ಬಿಟ್ಟು ಮುಂದೆ ಹೋಗ್ಬೇಡಿ. 1 ಅಂದ್ರೆ ಗಟ್ಟಿ ಸಲಹೆ, 2 ಅಂದ್ರೆ ರೋಗಿ ನೋಡಿ ನಿರ್ಧಾರ ಮಾಡಿ ಅಂತ, ಎ ಬಿ ಸಿ ಹೇಳೋದು ಎವಿಡೆನ್ಸ್ ಗುಣಮಟ್ಟ ಎಷ್ಟು ಅಂತ, ಎ ಅಂದ್ರೆ ಒಳ್ಳೇದು. ರೆಫರೆನ್ಸ್ ನಂಬರ್ ಒತ್ತಿ ಅಬ್‌ಸ್ಟ್ರ್ಯಾಕ್ಟ್ ಆದ್ರೂ ನೋಡಿ. ಈ ಪ್ರಶ್ನೆಗೆ 1984ರ ಒಂದು ಟ್ರಯಲ್ ಇದೆ, ಪನಾಮಾ ಕಾಡಲ್ಲಿ ಮೂರು ವಾರ ಟ್ರೇನಿಂಗ್ ಮಾಡಿದ ಅಮೆರಿಕನ್ ಸೈನಿಕರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ರು, ಪ್ಲಸೀಬೋ (ಔಷಧಿ ಇಲ್ದಿರೋ ಗುಳಿಗೆ) ಕಡೆ 20 ಕೇಸ್, ಡಾಕ್ಸಿ ಕಡೆ ಒಂದೇ ಒಂದು. ಆದ್ರೆ ಅಂಡಮಾನ್‌ನಲ್ಲಿ ಮಾಡಿದ ಟ್ರಯಲ್ 2000ದಲ್ಲಿ ಪ್ರಕಟ ಆಯ್ತು, ಅಲ್ಲಿ ಸೋಂಕು ತಗಲೋದು ಕಮ್ಮಿ ಆಗಲಿಲ್ಲ, ಕಾಯಿಲೆಯಾಗಿ ಕಾಣಿಸ್ಕೊಳ್ಳೋದು ಕಮ್ಮಿ ಆಯ್ತು. ಇವೆರಡರಲ್ಲಿ ನಿಮ್ಮೆದುರು ಕೂತವರು ಯಾರ ಥರ, ಸೈನಿಕರ ಥರಾನಾ? ಒಂದು ದಿನ ನೀರಲ್ಲಿ ನಡೆದವರು ಬೇರೆ, ಕಾಲಲ್ಲಿ ಗಾಯ ಇಟ್ಕೊಂಡು ದಿನಾ ಗಟಾರ ಕ್ಲೀನ್ ಮಾಡೋವ್ರು ಬೇರೆ.

ಇನ್ನೊಂದು ಮಾತು, ಅಪ್‌ಟುಡೇಟ್ ನಮ್ಮೂರಿಗಂತ ಬರೆದಿದ್ದಲ್ಲ. ನೀರಲ್ಲಿ ಓಡಾಡಿದವರು 72 ಗಂಟೆ ಒಳಗೆ ಡಾಕ್ಟರ್ ಕೇಳಿ ಔಷಧಿ ತಗೊಳ್ಳಿ ಅಂತ ಮುಂಬೈ ಪಾಲಿಕೆ ಬಿಎಂಸಿ ಹೇಳತ್ತೆ, 2005ರ ಜುಲೈ 26ರ ನೆರೆ ಆದ್ಮೇಲೆ ಲೆಪ್ಟೋ ಹೇಗೆ ಹಬ್ಬಿತ್ತು ಅಂತ ಈ ಊರಿಗೆ ಗೊತ್ತು. ಅದಕ್ಕೇ ಲೋಕಲ್ ಗೈಡ್‌ಲೈನ್ ಪಕ್ಕದಲ್ಲಿಟ್ಕೊಂಡೇ ಓದಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಅಂದ್ರೆ ಪ್ರಶ್ನೆನೇ ಬದಲಾಗತ್ತೆ, ಹೊಸದಾಗಿ ಹುಡುಕಿ.

ಔಷಧಿ ಹೆಸರು ಅಮೆರಿಕದ್ದಿರತ್ತೆ. ಪ್ಯಾರಾಸಿಟಮಾಲ್ ಅಲ್ಲಿ ಅಸೆಟಮಿನೋಫೆನ್, ಸಾಲ್ಬುಟಮಾಲ್ ಆಲ್ಬುಟೆರಾಲ್, ಗ್ಲಿಬೆನ್‌ಕ್ಲಮೈಡ್ ಗ್ಲೈಬುರೈಡ್. ಬ್ರ್ಯಾಂಡ್ ಹೆಸರು ಹಾಕ್ಲೇಬೇಡಿ, ಸ್ಟ್ರಿಪ್ ತಿರುಗಿಸಿ ಜೆನೆರಿಕ್ ಹೆಸರು ನೋಡಿ. ರೋಗಿ ಹೆಸರು, ಕೇಸ್ ಪೇಪರ್ ನಂಬರ್ ಸರ್ಚ್ ಬಾಕ್ಸಿಗೆ ಯಾವತ್ತೂ ಹೋಗಬಾರದು. ಟಾಪಿಕ್ ಮೇಲ್ಗಡೆ ಕೊನೇ ಸಲ ಯಾವಾಗ ಅಪ್‌ಡೇಟ್ ಆಯ್ತು ಅಂತ ಇರತ್ತೆ, ಸೆಮಿನಾರಲ್ಲಿ ಹೇಳೋದಿದ್ರೆ ಆ ತಾರೀಖನ್ನೂ ಬರ್ಕೊಳ್ಳಿ.

ಚಂದಾ ಇಲ್ದಿರೋ ಕಾಲೇಜಲ್ಲಿ ಇದ್ರೆ ಪಬ್‌ಮೆಡ್ ಅನ್ನೋ, ವೈದ್ಯಕೀಯ ಲೇಖನ ಹುಡುಕೋ ಸೈಟ್ ಪುಕ್ಕಟೆ ಇದೆ, ಅದರಲ್ಲಿ ಕ್ಲಿನಿಕಲ್ ಕ್ವೆರೀಸ್‌ಗೆ ಹೋಗಿ ಥೆರಪಿ ಆರಿಸಿ, ಮೊದ್ಲು ನ್ಯಾರೋ (ಕಮ್ಮಿ, ನಿಖರ ಲೇಖನ) ಇಟ್ಟು ನೋಡಿ, ಸಿಗದಿದ್ರೆ ಬ್ರಾಡ್ (ಜಾಸ್ತಿ ಲೇಖನ) ಮಾಡಿ. ಒಂದು ಪ್ರಶ್ನೆ ಮೇಲಿನ ಟ್ರಯಲ್‌ಗಳನ್ನೆಲ್ಲ ಸೇರಿಸಿ ನೋಡೋ ಕೋಕ್ರೇನ್ ರಿವ್ಯೂಗಳ ಸರಳ ಸಾರಾಂಶನೂ ದುಡ್ಡಿಲ್ದೇ ಓದೋಕೆ ಸಿಗತ್ತೆ.