ಲಕ್ಷದ ಲೆನ್ಸ್ ನಿಮಗೆ ಬೇಕಾ? ಅಂಗಡಿಗೆ ಹೋಗುವ ಮೊದಲು ಹೀಗೆ ಲೆಕ್ಕ ಹಾಕಿ

ಕ್ಯಾನನ್ ಕಂಪನಿಯ ಎರಡು ಲೆನ್ಸ್ ತೆಗೆದುಕೊಳ್ಳೋಣ. ಎರಡೂ 50 ಎಂಎಂ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಎರಡೂ ಕ್ಯಾಮೆರಾಗೆ ಕೂರುವುದು ಆರ್‌ಎಫ್ ಎಂಬ ಒಂದೇ ಬಗೆಯ ಮೌಂಟ್‌ನಲ್ಲಿ. ಒಂದರ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ಎಫ್ 1.8, ತೂಕ 160 ಗ್ರಾಂ. ಇನ್ನೊಂದು ಎಫ್ 1.2, ತೂಕ 950 ಗ್ರಾಂ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲನೆಯದಕ್ಕೆ ಸುಮಾರು 200 ಡಾಲರ್, ಎರಡನೆಯದಕ್ಕೆ ಸುಮಾರು 2,300 ಡಾಲರ್. ಬೆಲೆ ಹನ್ನೊಂದು ಪಟ್ಟು ದಾಟುತ್ತದೆ.

ಫೋಟೊ ಹನ್ನೊಂದು ಪಟ್ಟು ಚೆನ್ನಾಗಿ ಬರುತ್ತದಾ? ಇಲ್ಲ. ಒಳ್ಳೆ ಬಿಸಿಲಿನಲ್ಲಿ, ಎಫ್ 8ಕ್ಕೆ ಇಟ್ಟು ತೆಗೆದ ಎರಡು ಫೋಟೊಗಳನ್ನು ಪಕ್ಕಪಕ್ಕ ತೋರಿಸಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಆ ದುಡ್ಡು ಹೋಗಿರುವುದು ಕಷ್ಟದ ಸಂದರ್ಭಗಳಿಗೆ: ಬೆಳಕು ಕಮ್ಮಿ ಇದ್ದಾಗ, ಮಳೆ ಹನಿಯುವಾಗ, ಫೋಟೊದ ಮೂಲೆಯೂ ಚೊಕ್ಕವಾಗಿ ಬರಬೇಕಾದಾಗ. ಅಂಥ ಸಂದರ್ಭ ನಿಮಗೆ ಎಷ್ಟು ಸಲ ಬರುತ್ತದೆ? ಅದನ್ನು ಕಂಡುಕೊಳ್ಳುವ ದಾರಿ ಇಲ್ಲಿದೆ.

1. ಫೋಟೊ ಕೊನೆಗೆ ಎಲ್ಲಿಗೆ ಹೋಗುತ್ತದೆ?

24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊದಲ್ಲಿ 6000 x 4000 ಪಿಕ್ಸೆಲ್ ಇರುತ್ತವೆ. 4ಕೆ ಟಿವಿ ತೋರಿಸುವುದು 3840 x 2160, ಅಂದರೆ 83 ಲಕ್ಷದಷ್ಟು. ಮದುವೆ ಆಲ್ಬಮ್‌ನ 12 x 18 ಇಂಚಿನ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಮಾಡಿದರೂ 2 ಕೋಟಿ ಪಿಕ್ಸೆಲ್‌ಗಿಂತ ಸ್ವಲ್ಪ ಕಮ್ಮಿ ಸಾಕು. 45 ಮೆಗಾಪಿಕ್ಸೆಲ್ ಬೇಕಾಗುವುದು ಗೋಡೆಯಷ್ಟು ದೊಡ್ಡ ಪ್ರಿಂಟ್ ಮಾಡಿಸುವವರಿಗೆ, ಇಲ್ಲವೇ ದೂರದ ಹಕ್ಕಿಯನ್ನು ಕ್ರಾಪ್ ಮಾಡಿ ಹತ್ತಿರ ತರುವವರಿಗೆ. ಸ್ಟೇಟಸ್‌ಗೆ ಹಾಕುವವರಿಗೆ ಅದು ಸುಮ್ನೆ ಹಾರ್ಡ್‌ಡಿಸ್ಕ್ ತುಂಬುವ ಕೆಲಸ.

2. ನಿಮ್ಮದೇ ಹಾಳಾದ ಫೋಟೊಗಳನ್ನು ತೆರೆಯಿರಿ

ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ. ಯೂಟ್ಯೂಬ್ ವಿಮರ್ಶೆಗಳಿಗಿಂತ ಜಾಸ್ತಿ ವಿಷಯ ಇಲ್ಲೇ ಸಿಗುತ್ತದೆ. ಕ್ಯಾಮೆರಾದಿಂದ ನೇರ ಬಂದ ಫೋಟೊದ ಜೊತೆ ಶಟರ್ ವೇಗ (ಬೆಳಕು ಎಷ್ಟು ಹೊತ್ತು ಒಳಗೆ ಬಂತು), ಅಪರ್ಚರ್, ಐಎಸ್‌ಒ (ಕಮ್ಮಿ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿತು; ಜಾಸ್ತಿಯಾದರೆ ಚಿತ್ರ ಕಾಳುಕಾಳಾಗುತ್ತದೆ), ಎಷ್ಟು ಎಂಎಂ ಎಂಬ ವಿವರ ಸೇರಿಕೊಂಡಿರುತ್ತದೆ. ಕಂಪ್ಯೂಟರ್‌ನಲ್ಲಿ ಫೋಟೊದ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ಇಷ್ಟವಾಗದ ಒಂದಷ್ಟು ಫೋಟೊ ಆರಿಸಿ, ಯಾಕೆ ಕೆಟ್ಟಿತು ಅಂತ ಪಕ್ಕದಲ್ಲಿ ಬರೆಯಿರಿ.

ಇಡೀ ಚಿತ್ರ ಅಲುಗಾಡಿದ್ದರೆ ಕೈ ನಡುಗಿದೆ. ಅದಕ್ಕೆ ಟ್ರೈಪಾಡ್ ಸಾಕು, ಹೊಸ ಲೆನ್ಸ್ ಬೇಡ. ಹಿನ್ನೆಲೆ ಸ್ಪಷ್ಟವಾಗಿದ್ದು ಕುಣಿಯುವವರ ಕೈ ಮಾತ್ರ ಮಸುಕಾಗಿದ್ದರೆ, ಶಟರ್ ವೇಗ 1/40 ಸೆಕೆಂಡಿನ ಆಸುಪಾಸಿನಲ್ಲಿದ್ದರೆ, ಐಎಸ್‌ಒ ಆಗಲೇ 6400 ಮುಟ್ಟಿದ್ದರೆ, ಆಗ ದೊಡ್ಡ ಅಪರ್ಚರ್ ನಿಜವಾಗಿ ಸಹಾಯ ಮಾಡುತ್ತದೆ. ಫೋಕಸ್ ಮುಖ ಬಿಟ್ಟು ಹಿಂದಿನ ಗೋಡೆಗೆ ಹೋಗಿದ್ದರೆ ಮೊದಲು ಕ್ಯಾಮೆರಾದ ಫೋಕಸ್ ಸೆಟ್ಟಿಂಗ್ ಕಲಿಯಿರಿ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ನಿಲ್ಲಿಸಿ ತೆಗೆದದ್ದರಿಂದ ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದಿದ್ದರೆ? ಯಾವ ಲಕ್ಷದ ಲೆನ್ಸೂ ಅದನ್ನು ಸರಿಮಾಡುವುದಿಲ್ಲ.

3. ದುಡ್ಡಿಗೆ ಏನು ಸಿಗುತ್ತದೆ, ತಿಳಿದುಕೊಳ್ಳಿ

ಎಫ್ 1.8ರಿಂದ ಎಫ್ 1.2ಕ್ಕೆ ಹೋದರೆ ಒಳಗೆ ಬರುವ ಬೆಳಕು ಎರಡೂಕಾಲು ಪಟ್ಟು ಆಗುತ್ತದೆ. 1/40 ಸೆಕೆಂಡ್ ಬೇಕಿದ್ದ ಜಾಗದಲ್ಲಿ 1/90 ಸಾಕು. ಫ್ಲ್ಯಾಶ್ ಬಳಸಲು ಬಿಡದ ಸಭಾಂಗಣದಲ್ಲಿ ಕೆಲಸ ಮಾಡುವವರಿಗೆ ಇದು ದೊಡ್ಡ ವ್ಯತ್ಯಾಸ. ಚಿಕ್ಕ ಲೆನ್ಸ್‌ನಲ್ಲಿ 6 ಗಾಜುಗಳಿದ್ದರೆ ದೊಡ್ಡದರಲ್ಲಿ 15 ಇವೆ. ಅಪರ್ಚರ್ ಪೂರ್ತಿ ತೆರೆದಾಗಲೂ ಅಂಚಿನವರೆಗೆ ಸ್ಪಷ್ಟತೆ ಉಳಿಸುವುದು ಅವುಗಳ ಕೆಲಸ. ಆದರೆ ಎಫ್ 1.2ರಲ್ಲಿ ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟ, ಮೂಗಿನ ತುದಿ ಮಸುಕು. ಗುಂಪು ಫೋಟೊಗೆ ಹೇಗೂ ಕಿಂಡಿಯನ್ನು ಎಫ್ 5.6ರಷ್ಟಕ್ಕೆ ಕಿರಿದು ಮಾಡಲೇಬೇಕು, ಅಲ್ವಾ?

ಹಕ್ಕಿ ಫೋಟೊದವರ ಲೆಕ್ಕ ಇನ್ನೂ ದುಬಾರಿ. 600 ಎಂಎಂ ಎಫ್ 4 ಲೆನ್ಸ್‌ನ ಮುಂದಿನ ಗಾಜು 150 ಮಿಲಿಮೀಟರ್ ಅಗಲ ಇರಲೇಬೇಕು. 600ನ್ನು 4ರಿಂದ ಭಾಗಿಸಿ, ಅಷ್ಟೇ. ಅದೇ 600 ಎಂಎಂನ ಎಫ್ 6.3 ಲೆನ್ಸ್‌ಗೆ 95 ಮಿಲಿಮೀಟರ್ ಸಾಕು. ಅಷ್ಟು ದೊಡ್ಡ ಗಾಜನ್ನು ತಪ್ಪಿಲ್ಲದೆ ತಯಾರಿಸುವುದೇ ಕಷ್ಟ. ಹಾಗಾಗಿ ಬೆಲೆ ಏರುವುದರಲ್ಲಿ ಬರೀ ಬ್ರ್ಯಾಂಡ್‌ನ ಜಂಭ ಇಲ್ಲ. ಸಿಗುವುದು ಎರಡೂವರೆ ಪಟ್ಟು ಬೆಳಕು. ಕಬಿನಿಯಲ್ಲಿ ಸಂಜೆ ಸಫಾರಿಯ ಕೊನೆಯಲ್ಲಿ ಮರದ ಮೇಲಿನ ಚಿರತೆ ಕಂಡರೆ ಆ ಬೆಳಕೇ ಎಲ್ಲ. ರಂಗನತಿಟ್ಟಿನಲ್ಲಿ ಬೆಳಗ್ಗೆ ದೋಣಿ ಹತ್ತಿದರೆ ಪೆಲಿಕನ್, ಕೊಕ್ಕರೆಗಳು ತೀರಾ ಹತ್ತಿರದಲ್ಲೇ ಕೂತಿರುತ್ತವೆ. ಅಲ್ಲಿ ಸಾಧಾರಣ 300 ಎಂಎಂ ಜೂಮ್ ಸಾಕು. 600 ಹಿಡಿದರೆ ಹಕ್ಕಿಯ ರೆಕ್ಕೆ ಫ್ರೇಮ್‌ನಿಂದ ಆಚೆ ಹೋಗುತ್ತದೆ.

4. ಬಾಡಿಗೆಯಿಂದ ಭಾಗಿಸಿ

ಲೆನ್ಸ್‌ನ ಬೆಲೆಯನ್ನು ಅದರ ಒಂದು ದಿನದ ಬಾಡಿಗೆಯಿಂದ ಭಾಗಿಸಿ. ನೂರು ಬಂತು ಎನ್ನಿ. ವರ್ಷಕ್ಕೆ ಐದು ದಿನ ಬಳಸುವವರಿಗೆ ಕೊಂಡ ದುಡ್ಡು ಹುಟ್ಟಲು ಇಪ್ಪತ್ತು ವರ್ಷ ಬೇಕು. ವಾರಕ್ಕೆರಡು ಮದುವೆ ಮಾಡುವ ಫೋಟೊಗ್ರಾಫರ್‌ಗೆ ಒಂದೇ ವರ್ಷ. ಬೆಂಗಳೂರಿನಲ್ಲಿ ಬಾಡಿಗೆ ಅಂಗಡಿಗಳು ಬೇಕಾದಷ್ಟಿವೆ. ಕೊಳ್ಳುವುದು ಖಚಿತ ಅಂದುಕೊಂಡವರೂ ಒಮ್ಮೆ ಬಾಡಿಗೆಗೆ ತಂದು ಒಂದಿಡೀ ದಿನ ಹೆಗಲಿಗೆ ಹಾಕಿಕೊಂಡು ಓಡಾಡಲಿ. ಎಷ್ಟೋ ಜನರ ಆಸೆ ಸಂಜೆಯೊಳಗೆ ಇಳಿಯುತ್ತದೆ.

5. ಅಂಗಡಿಗೆ ನಿಮ್ಮ ಮೆಮೊರಿ ಕಾರ್ಡ್ ಒಯ್ಯಿರಿ

ಕ್ಯಾಮೆರಾದ ಪುಟ್ಟ ಪರದೆ ಎಲ್ಲವನ್ನೂ ಚೆಂದ ತೋರಿಸುತ್ತದೆ. ಎರಡೂ ಲೆನ್ಸ್‌ನಲ್ಲಿ ಒಂದೇ ಜಾಗ, ಒಂದೇ ಸೆಟ್ಟಿಂಗ್ ಇಟ್ಟು ತೆಗೆಯಿರಿ. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿ. ಯಾವುದು ಯಾವ ಲೆನ್ಸ್‌ನದು ಅಂತ ಹೇಳದೆ ಮನೆಯವರಿಗೂ ತೋರಿಸಿ.

ನೀವು ಹೊರಡುವಾಗ ಅಂಗಡಿಯವರು, ಫೋಟೊಗಳನ್ನು ಟಿವಿಯಲ್ಲಿ ನೋಡಲು ಅಂತ ಚಿನ್ನದ ಲೇಪದ ದುಬಾರಿ ಎಚ್‌ಡಿಎಂಐ ಕೇಬಲ್ ತೋರಿಸಬಹುದು. ಅದರಲ್ಲಿ ಹರಿಯುವುದು ಡಿಜಿಟಲ್ ಸಿಗ್ನಲ್. ನಿಮ್ಮ ಟಿವಿಗೆ ಬೇಕಾದ ವೇಗವನ್ನು ಕೇಬಲ್ ತಾಳಿದರೆ ಬಣ್ಣ ಬದಲಾಗುವುದಿಲ್ಲ. ಫೋಟೊ ನೋಡಲು ಸಾಧಾರಣದ್ದೇ ಸಾಕು.

6. ಹಳೆಯದನ್ನೂ ನೋಡಿ, ಬೂಷ್ಟು ಹುಡುಕಿ

ಕ್ಯಾಮೆರಾ ಬಾಡಿಯ (ಲೆನ್ಸ್ ಬಿಟ್ಟು ಉಳಿದ ಭಾಗದ) ಬೆಲೆ ಹೊಸ ಮಾಡೆಲ್ ಬಂದ ಕೂಡಲೇ ಕುಸಿಯುತ್ತದೆ. ಒಳ್ಳೆಯ ಲೆನ್ಸ್‌ನ ಬೆಲೆ ಅಷ್ಟು ಬೇಗ ಇಳಿಯುವುದಿಲ್ಲ. ಸೆಕೆಂಡ್‌ಹ್ಯಾಂಡ್ ಬಾಡಿ ಕೊಳ್ಳುವಾಗ ಶಟರ್ ಎಷ್ಟು ಸಲ ಬಡಿದಿದೆ ಎಂದು ಕೇಳಿ. ಲೆನ್ಸ್ ಆದರೆ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್, ಅಂದರೆ ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಬೇಡ ಅನ್ನಿ.

ಮಲೆನಾಡು, ಕರಾವಳಿಯವರು ಬಜೆಟ್‌ನಲ್ಲಿ ಡ್ರೈ ಕ್ಯಾಬಿನೆಟ್‌ನ (ತೇವಾಂಶ ಕಮ್ಮಿ ಇಡುವ ಪೆಟ್ಟಿಗೆಯ) ದುಡ್ಡನ್ನೂ ಮೊದಲೇ ಸೇರಿಸಿಕೊಳ್ಳಿ. ಒಳಗಿನ ತೇವಾಂಶ ಶೇ 40ರಿಂದ 50ರಷ್ಟು ಇದ್ದರೆ ಒಳ್ಳೆಯದು. ಅಷ್ಟು ಖರ್ಚು ಬೇಡ ಅಂದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಸಾಕು. ಅಕ್ಕಿ ಡಬ್ಬದಲ್ಲಿ ಮಾತ್ರ ಇಡಬೇಡಿ, ಅದರ ಪುಡಿ ಲೆನ್ಸ್‌ನ ಸಂದಿಗೆ ಸೇರುತ್ತದೆ.