ಗೆಳೆಯರು ಬಂದ ಮೇಲೆಯೇ ಅಕ್ಕಿರೊಟ್ಟಿ ತಟ್ಟಿ

ಸಂಜೆ ಏಳರ ಹೊತ್ತಿಗೆ ನಾಲ್ವರು ಗೆಳೆಯರು ಹೇಳದೆ ಕೇಳದೆ ಬಂದರೆ, ಫ್ರಿಜ್ಜಿನಲ್ಲಿ ಅರ್ಧ ಕ್ಯಾರೆಟ್ಟು, ಒಂದು ಹಿಡಿ ಸೊಪ್ಪು ಮಾತ್ರ ಉಳಿದಿದ್ದರೆ, ಅಕ್ಕಿರೊಟ್ಟಿಯಷ್ಟು ಒದಗಿಬರುವ ತಿಂಡಿ ಬೇರೆ ಇಲ್ಲ. ಏನನ್ನೂ ನೆನೆಹಾಕಬೇಕಿಲ್ಲ, ರುಬ್ಬಬೇಕಿಲ್ಲ, ಹುಳಿ ಬರಿಸಬೇಕಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಹಪ್ಪಳದಂತೆ ಒಣಗಿಯೋ, ನಡುವೆ ಹಸಿಹಿಟ್ಟು ಉಳಿದೋ ತಟ್ಟೆಗೆ ಬರುವುದನ್ನು ಕಂಡು ನೊಂದುಕೊಂಡಿದ್ದೇನೆ. ಎಡವುವುದು ಎರಡೇ ಕಡೆ: ಕಲಸುವಾಗ ಮತ್ತು ತಟ್ಟುವಾಗ.

ಐದು ಜನಕ್ಕೆ ಅರ್ಧ ಕೆ.ಜಿ. ಅಕ್ಕಿಹಿಟ್ಟು ತೆಗೆದುಕೊಳ್ಳಿ. ಹತ್ತು ರೊಟ್ಟಿ ಆಗುತ್ತವೆ. ಸಾಧ್ಯವಾದರೆ ಗಿರಣಿಯಲ್ಲಿ ಬೀಸಿಸಿದ ಹಿಟ್ಟೇ ಇರಲಿ. ಒಮ್ಮೆ ಅಂಗಡಿಯಿಂದ ತಂದ ಹಳೆಯ ಪೊಟ್ಟಣದ ಹಿಟ್ಟು ಎಷ್ಟು ನೀರು ಹಾಕಿದರೂ ಒಡೆಯುತ್ತಲೇ ಹೋಗಿ, ಅಷ್ಟನ್ನೂ ತಾಳಿಪಟ್ಟಿನ ಹಿಟ್ಟಿನೊಂದಿಗೆ ಬೆರೆಸಿ ಮುಗಿಸಬೇಕಾಯಿತು. ಪೊಟ್ಟಣ ಬಿಚ್ಚಿದ ಕೂಡಲೇ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಬೇಡವೇ ಬೇಡ.

ಇನ್ನು ಕಲಸುವುದು. ಹಿಟ್ಟನ್ನು ಆಗಲೇ ಮುಟ್ಟಬೇಡಿ. ಮೊದಲು ಮೂರು ಈರುಳ್ಳಿಯನ್ನು ಆದಷ್ಟೂ ಸಣ್ಣಗೆ ಹೆಚ್ಚಿ, ರೊಟ್ಟಿಗೆ ಬೇಕಾದ ಉಪ್ಪನ್ನೆಲ್ಲ ಅದಕ್ಕೇ ಹಾಕಿ ಕಿವುಚಿ ಹತ್ತು ನಿಮಿಷ ಬಿಡಿ. ಉಪ್ಪು ಈರುಳ್ಳಿಯ ನೀರನ್ನು ಹೊರಗೆಳೆಯುತ್ತದೆ. ಇದನ್ನು ಬಿಟ್ಟು ನೇರವಾಗಿ ಕಲಸಿದವರ ಹಿಟ್ಟು ಕಾಲು ಗಂಟೆಯಲ್ಲಿ ಸಡಿಲವಾಗುತ್ತದೆ. ಗಾಬರಿಯಿಂದ ಇನ್ನಷ್ಟು ಹಿಟ್ಟು ಸುರಿಯುತ್ತಾರೆ, ರೊಟ್ಟಿ ಗಟ್ಟಿಯಾಗುತ್ತದೆ. ನೀರೊಡೆದ ಈರುಳ್ಳಿಗೆ ಹಸಿಮೆಣಸಿನಕಾಯಿ, ಜೀರಿಗೆ, ಕರಿಬೇವು, ತೆಂಗಿನತುರಿ, ಜೊತೆಗೆ ಮನೆಯಲ್ಲಿ ಏನಿದೆಯೋ ಅದು: ತುರಿದ ಕ್ಯಾರೆಟ್ಟು, ಸೌತೆಕಾಯಿ, ಎಲೆಕೋಸು, ನುಗ್ಗೆಸೊಪ್ಪು. ಸಬ್ಬಸಿಗೆ ಸೊಪ್ಪು ಸಿಕ್ಕರೆ ಧಾರಾಳವಾಗಿ ಹಾಕಿ. ಅದರ ಘಮಕ್ಕೆ ಸಮನಾದದ್ದು ಇನ್ನೊಂದಿಲ್ಲ. ಡಿಸೆಂಬರ್, ಜನವರಿಯಲ್ಲಾದರೆ ಬೇಯಿಸಿದ ಹಿತಕಿದ ಬೇಳೆ. ಸೌತೆಕಾಯಿಯನ್ನು ಹಿಂಡಿ ಹಾಕಬೇಕು.

ಈಗ ಹಿಟ್ಟು, ಆಮೇಲೆ ಬಿಸಿನೀರು. ತಣ್ಣೀರು ಬೇಡ. ಅಕ್ಕಿಹಿಟ್ಟಿಗೆ ಗೋಧಿಹಿಟ್ಟಿನಂತೆ ಎಳೆದರೆ ಹಿಗ್ಗುವ ಜಿಗುಟು ಇಲ್ಲ. ಬಿಸಿನೀರು ಬಿದ್ದಾಗ ಪಿಷ್ಟ ಅರೆಬೆಂದು ಹಿಟ್ಟನ್ನು ಹಿಡಿದಿಡುತ್ತದೆ. ಮಧ್ಯಾಹ್ನದ ಅನ್ನ ಉಳಿದಿದ್ದರೆ ಒಂದು ಬಟ್ಟಲು ನುಣ್ಣಗೆ ಕಿವುಚಿ ಸೇರಿಸಿ. ರೊಟ್ಟಿ ಆರಿದರೂ ಮೆತ್ತಗಿರುತ್ತದೆ. ಚಪಾತಿ ಹಿಟ್ಟಿಗಿಂತ ಸಡಿಲ, ವಡೆ ಹಿಟ್ಟಿಗಿಂತ ಗಟ್ಟಿ, ಅದೇ ಹದ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚು ಬಿರಿದರೆ ಇನ್ನೆರಡು ಚಮಚ ನೀರು.

ತಟ್ಟುವ ಬಾಣಲೆ ತಣ್ಣಗಿರಲೇಬೇಕು. ಹೆಚ್ಚಿನವರು ಕಾದ ಬಾಣಲೆಗೆ ಹಿಟ್ಟು ಹಾಕಿ, ಬೆರಳು ಸುಟ್ಟುಕೊಳ್ಳುವ ಭಯಕ್ಕೆ ಅವಸರವಾಗಿ ಒತ್ತುತ್ತಾರೆ. ತಳ ಆಗಲೇ ಕಚ್ಚಿಕೊಂಡಿರುವುದರಿಂದ ಹಿಟ್ಟು ಹರಡುವುದಿಲ್ಲ, ನಡುವೆ ದಪ್ಪ ಉಳಿಯುತ್ತದೆ. ತಣ್ಣನೆಯ ಬಾಣಲೆಗೆ ಒಂದು ಚಮಚ ಎಣ್ಣೆ ಸವರಿ, ಕಿತ್ತಳೆ ಗಾತ್ರದ ಉಂಡೆಯನ್ನು ನಡುವೆ ಇಟ್ಟು, ಒದ್ದೆ ಬೆರಳುಗಳಿಂದ ಒಳಗಿನಿಂದ ಹೊರಕ್ಕೆ ತಟ್ಟುತ್ತಾ ಬನ್ನಿ. ಬಾಣಲೆಯನ್ನು ಎಡಗೈಯಿಂದ ತಿರುಗಿಸುತ್ತಿರಿ. ಎಣ್ಣೆಯ ಮೇಲೆ ಹಿಟ್ಟು ಮೆಲ್ಲಗೆ ಜಾರುವುದು ಬೆರಳಿಗೆ ತಿಳಿಯುತ್ತದೆ. ನಡುವೆ ಬೆರಳಿಟ್ಟಾಗ ಬಾಣಲೆಯ ಗಟ್ಟಿತನ ತಾಗುವಷ್ಟು ತೆಳುವಾದರೆ ಸಾಕು. ನಾಲ್ಕೈದು ತೂತು ಮಾಡಿ ಎಣ್ಣೆ ಬಿಟ್ಟು, ಮುಚ್ಚಳ ಮುಚ್ಚಿ, ಮಧ್ಯಮ ಉರಿಯಲ್ಲಿ ಬೇಯಿಸಿ. ಅಂಚು ತಾನಾಗಿ ಮೇಲೆದ್ದ ಮೇಲೆಯೇ ಎಬ್ಬಿಸಬೇಕು. ಬಾಣಲೆಯಲ್ಲಿ ತಟ್ಟಿದ್ದನ್ನು ನಾನು ಮಗುಚಿ ಹಾಕುವುದಿಲ್ಲ: ಕೆಳಗೆ ಕೆಂಪಗೆ ಗರಿಗರಿ, ಮೇಲೆ ಹಬೆಯಲ್ಲಿ ಬೆಂದ ಮೆದು, ಎರಡೂ ಒಂದೇ ತುತ್ತಿನಲ್ಲಿ ಸಿಗಬೇಕು.

ಎರಡನೆಯದಕ್ಕೆ ಬಾಣಲೆ ಕಾದಿರುತ್ತದೆಯಲ್ಲ? ಎರಡು ಬಾಣಲೆ ಇಟ್ಟುಕೊಳ್ಳಿ; ಒಂದು ಒಲೆಯ ಮೇಲಿದ್ದಾಗ ಇನ್ನೊಂದು ಆರುತ್ತಿರಲಿ. ಬೇಗ ಆರಲೆಂದು ಕಾದ ಬೀಡುಕಬ್ಬಿಣದ ಬಾಣಲೆಗೆ ತಣ್ಣೀರು ಸುರಿಯಬೇಡಿ, ಸೀಳಬಹುದು. ಒಂದೇ ಇದ್ದರೆ, ಎಣ್ಣೆ ಸವರಿದ ಬಾಳೆ ಎಲೆಯ ಮೇಲೆ ತಟ್ಟಿ, ಕಾದ ತವದ ಮೇಲೆ ಬೋರಲು ಹಾಕಿ, ಒಂದು ನಿಮಿಷದ ನಂತರ ಎಲೆ ಸುಲಿಯಿರಿ. ಹೀಗೆ ಮಾಡಿದ್ದನ್ನು ಮಾತ್ರ ಮಗುಚಬೇಕು. ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ತವದ ಹತ್ತಿರ ತರಲೇಬೇಡಿ.

ಹತ್ತನ್ನೂ ಸುಟ್ಟು ಹಾಟ್‌ಬಾಕ್ಸಿನಲ್ಲಿ ಪೇರಿಸಿಟ್ಟು ಎಲ್ಲರನ್ನೂ ಒಟ್ಟಿಗೆ ಕರೆಯುವುದು ಈ ತಿಂಡಿಗೆ ಮಾಡುವ ಅನ್ಯಾಯ. ಹಬೆಗೆ ಬೆವೆತು ಗರಿ ಹೋಗುತ್ತದೆ. ಗೆಳೆಯರನ್ನೇ ಅಡುಗೆಮನೆಗೆ ಕರೆಯಿರಿ. ಕಟ್ಟೆಯ ಮೇಲೆ ಬೆಣ್ಣೆ, ಹುಚ್ಚೆಳ್ಳು ಚಟ್ನಿಪುಡಿ ಇಟ್ಟು, ಇಳಿದ ಪ್ರತಿ ರೊಟ್ಟಿಯನ್ನೂ ಐದು ಪಾಲು ಮಾಡಿ ನಿಂತಲ್ಲೇ ತಿನ್ನಿ. ಒಬ್ಬರು ಈರುಳ್ಳಿ ಹೆಚ್ಚಲಿ, ಇನ್ನೊಬ್ಬರು ತಟ್ಟಲಿ. ಮೊದಲ ಬಾರಿ ತಟ್ಟುವವರ ರೊಟ್ಟಿ ಸೊಟ್ಟಗಾದರೆ ತಿದ್ದಬೇಡಿ. ಅದು ಎಲ್ಲಕ್ಕಿಂತ ಬೇಗ ಖಾಲಿಯಾಗುವುದನ್ನು ನಾನು ನೋಡಿದ್ದೇನೆ. ಪಾತ್ರೆಗೆ ಮೆತ್ತಿದ ಕೊನೆಯ ಹಿಟ್ಟನ್ನು ಕೆರೆದು ಅಂಗೈಯಗಲದ್ದೊಂದು ತಟ್ಟಿ, ಉಳಿದ ಬೆಣ್ಣೆಯನ್ನೆಲ್ಲ ಅದರ ಮೇಲೆ ಹಾಕಿ, ಪಾತ್ರೆ ತೊಳೆಯಲು ನಿಂತವರ ಬಾಯಿಗೆ ಕೊಡಿ.