ಅಂಗಡಿ ಜೊತೆ ಬಂದ ಹಳೇ ಕಳ್ಳರ ಅಲಾರಂ: ಕೈಗೆ ತಗೊಳ್ಳುವಾಗ ಏನೇನು ನೋಡಬೇಕು

ಅಂಗಡಿ ಕೈ ಬದಲಾಗುವಾಗ ಅಡ್ವಾನ್ಸ್, ಬಾಡಿಗೆ, ಕರೆಂಟ್ ಬಿಲ್ಲು, ಉಳಿದ ಸ್ಟಾಕು ಎಲ್ಲದರ ಮಾತೂ ಆಗುತ್ತದೆ. ಗೋಡೆ ಮೇಲಿರುವ ಅಲಾರಂ ಪೆಟ್ಟಿಗೆ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಲೈಟ್ ಉರಿಯುತ್ತಿದೆಯಲ್ಲ, ಸರಿಯಾಗೇ ಇರಬೇಕು ಅಂದುಕೊಳ್ಳುತ್ತಾರೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಅಂಗಡಿಗಳಲ್ಲಿ ಅಲಾರಂ, ಕ್ಯಾಮರಾ ಕೆಲಸ ಮಾಡುವವನು ನಾನು. ಹಳೇದನ್ನು ಕಿತ್ತು ಬಿಸಾಕಿ ಅಂತ ನಾನು ಹೇಳುವುದಿಲ್ಲ. ಗೋಡೆಯೊಳಗೆ ಎಳೆದ ವೈರಿಂಗ್ ಚೆನ್ನಾಗಿದ್ದರೆ ಅರ್ಧ ಖರ್ಚು ಉಳಿದಂತೆ. ಆದರೆ ಒಂದೊಂದು ಸೆನ್ಸರನ್ನೂ ನೀವೇ ಕೂಗಿಸಿ ನೋಡುವ ತನಕ ಯಾವುದನ್ನೂ ನಂಬಬೇಡಿ.

ಬೀಗದ ಕೈ ಇಸಕೊಳ್ಳುವ ದಿನವೇ ಹಳೇ ಮಾಲೀಕರನ್ನು ಪ್ಯಾನೆಲ್, ಅಂದರೆ ಆ ಅಲಾರಂ ಪೆಟ್ಟಿಗೆ, ಮುಂದೆ ಕರೆದುಕೊಂಡು ಹೋಗಿ. ‘ಅಣ್ಣ, ಒಂದ್ಸಲ ಆನ್ ಮಾಡಿ, ಆಫ್ ಮಾಡಿ ತೋರಿಸಿಬಿಡಿ’ ಅನ್ನಿ. ಅವರು ಒತ್ತುವುದು ಯೂಸರ್ ಕೋಡ್. ಅಷ್ಟಕ್ಕೇ ಬಿಡಬೇಡಿ, ಇಂಜಿನಿಯರ್ ಕೋಡ್ ಕೂಡ ಕೇಳಿ. ಫೋನ್ ನಂಬರ್ ಬದಲಿಸುವುದು, ಸೆನ್ಸರ್ ಸೇರಿಸುವುದು, ಟೈಮ್ ಹೆಚ್ಚು ಕಡಿಮೆ ಮಾಡುವುದು ಸಾಮಾನ್ಯವಾಗಿ ಈ ಎರಡನೇ ಕೋಡಿನಿಂದಲೇ. ಮಾಲೀಕರಿಗೆ ಗೊತ್ತಿಲ್ಲದಿದ್ದರೆ ಸಿಸ್ಟಮ್ ಹಾಕಿದವರ ಫೋನ್ ನಂಬರ್ ತಗೊಂಡು, ಅಲ್ಲೇ ನಿಂತು ಮಾಲೀಕರಿಂದಲೇ ಫೋನ್ ಮಾಡಿಸಿ. ಆಮೇಲೆ ನೀವು ಒಬ್ಬರೇ ಕೇಳಿದರೆ ಸಿಸ್ಟಮ್ ಹಾಕಿದವರು ಕೊಡಲಿಕ್ಕಿಲ್ಲ. ಅದು ಸರಿಯೂ ಹೌದು, ನೀವು ಯಾರು ಅಂತ ಅವರಿಗೇನು ಗೊತ್ತು?

ಕೋಡ್ ಸಿಗಲೇ ಇಲ್ಲ ಅಂದರೆ ಬಹಳಷ್ಟು ಪ್ಯಾನೆಲ್‌ಗಳನ್ನು ರೀಸೆಟ್ ಮಾಡಬಹುದು. ಬೋರ್ಡ್ ಮೇಲಿನ ಎರಡು ಪಿನ್ ಸೇರಿಸಿ ಪವರ್ ಕೊಡುವ ಕ್ರಮ ಅದರ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಆದರೆ ರೀಸೆಟ್ ಮಾಡಿದರೆ ಎಲ್ಲ ಸೆಟ್ಟಿಂಗೂ ಅಳಿಸಿಹೋಗಬಹುದು. ಯಾವ ಜೋನ್‌ಗೆ (ಅಂಗಡಿಯ ಒಂದೊಂದು ಜಾಗದ ಸೆನ್ಸರ್ ಲೈನಿಗೆ) ಯಾವ ವೈರ್ ಬಂದಿದೆ ಅಂತ ಮೊದಲೇ ಬರೆದುಕೊಳ್ಳಿ, ಫೋಟೋನೂ ತೆಗೆದಿಟ್ಟುಕೊಳ್ಳಿ. ಇಂಜಿನಿಯರ್ ಲಾಕ್ ಹಾಕಿದ ಪ್ಯಾನೆಲ್ ರೀಸೆಟ್‌ಗೂ ಬಗ್ಗುವುದಿಲ್ಲ. ಆಗ ಪ್ಯಾನೆಲ್ ಒಂದನ್ನು ಬದಲಿಸಿದರೆ ಸಾಕು, ವೈರು, ಸೆನ್ಸರು, ಸೈರನ್ ಹಾಗೇ ಇರಲಿ.

ಕೋಡ್ ಕೈಗೆ ಬಂದ ದಿನವೇ ಎಲ್ಲ ಕೋಡ್ ಬದಲಿಸಿ. ಯಾವಾಗಲೋ ಕೆಲಸ ಬಿಟ್ಟ ಹುಡುಗರಿಗೂ ಹಳೇ ಕೋಡ್ ಗೊತ್ತಿರುತ್ತದೆ. ರಿಮೋಟ್ ಇರುವ ಸಿಸ್ಟಮ್ ಆದರೆ ಎಲ್ಲ ರಿಮೋಟ್ ಅಳಿಸಿ, ನಿಮ್ಮ ಕೈಯಲ್ಲಿರುವುದನ್ನು ಮಾತ್ರ ಮತ್ತೆ ಸೇರಿಸಿ. ಎಷ್ಟು ರಿಮೋಟ್ ಊರಲ್ಲಿ ಓಡಾಡುತ್ತಿವೆಯೋ ಯಾರಿಗೆ ಗೊತ್ತು.

ಇನ್ನು ಸಿಮ್. ಕಳ್ಳ ನುಗ್ಗಿದರೆ ಈ ಪೆಟ್ಟಿಗೆ ಯಾರಿಗೆ ಫೋನ್ ಮಾಡುತ್ತದೆ? ಹಳೇ ಮಾಲೀಕರಿಗೇ ಅಲ್ವಾ! ನಿಮ್ಮ ಹೆಸರಲ್ಲಿ ಹೊಸ ಸಿಮ್ ತಗೊಂಡು ಹಾಕಿ. ಹಳೇ ಜಿಎಸ್ಎಂ (ಸಿಮ್ ಹಾಕುವ) ಪ್ಯಾನೆಲ್‌ಗಳಲ್ಲಿ ಹೆಚ್ಚಿನವು 2ಜಿ ಮೇಲೆ ನಡೆಯುವಂಥವು. ಜಿಯೋಗೆ 2ಜಿ ಇಲ್ಲ, ಹಾಗಾಗಿ ಅದರಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಅಂಗಡಿಯೊಳಗೆ ಯಾವ ಕಂಪನಿಯ 2ಜಿ ಸಿಗ್ನಲ್ ಬರುತ್ತದೆ ಅಂತ ಸಾದಾ ಕೀಪ್ಯಾಡ್ ಫೋನಿನಲ್ಲಿ ನೋಡಿ, ಆ ಸಿಮ್ ಹಾಕಿ. ಸಿಮ್‌ಗೆ ಪಿನ್ ಲಾಕ್ ಇದ್ದರೆ ತೆಗೆಯಿರಿ. ಆಂಟೆನಾ ತಗಡಿನ ಪೆಟ್ಟಿಗೆಯೊಳಗೆ ಇದ್ದರೆ ಹೊರಗೆ ತನ್ನಿ. ಮುಖ್ಯವಾಗಿ, ರೀಚಾರ್ಜ್ ಮುಗಿಯುವ ದಿನ ಫೋನಿನಲ್ಲಿ ರಿಮೈಂಡರ್ ಇಟ್ಟುಕೊಳ್ಳಿ. ವ್ಯಾಲಿಡಿಟಿ ಮುಗಿದ ಸಿಮ್‌ನಿಂದ ಕಾಲ್ ಹೋಗುವುದಿಲ್ಲ. ನಂಬರ್ ಪಟ್ಟಿಯಲ್ಲಿ ಮೊದಲು ನೀವು, ಆಮೇಲೆ ಅಂಗಡಿ ಹತ್ತಿರವೇ ಮಲಗುವ ಒಬ್ಬರು. ಕಾಲ್ ಬಂದಾಗ ಒಬ್ಬರೇ ಒಳಗೆ ನುಗ್ಗಬೇಡಿ, 112ಕ್ಕೆ ಫೋನ್ ಮಾಡಿ.

ಈಗ ಪೆಟ್ಟಿಗೆ ತೆಗೆಯೋಣ. ಅಕ್ಕಪಕ್ಕದ ಅಂಗಡಿಯವರಿಗೆ ಮೊದಲೇ ಹೇಳಿಡಿ, ಮುಚ್ಚಳ ತೆಗೆದ ಕೂಡಲೇ ಅದನ್ನು ಕಾಯುವ ಟ್ಯಾಂಪರ್ ಸ್ವಿಚ್ ಸೈರನ್ ಹೊಡೆಸುತ್ತದೆ. ಎಂಸಿಬಿ (ಮೇನ್ ಕರೆಂಟಿನ ಸ್ವಿಚ್) ಆಫ್ ಮಾಡಿ. ಒಳಗೆ 230 ವೋಲ್ಟ್ ಬರುವ ಜಾಗ ಇದೆ, ಗೊತ್ತಿಲ್ಲದಿದ್ದರೆ ಇಲೆಕ್ಟ್ರಿಷಿಯನ್ ಕರೆಯಿರಿ. ಕೆಳಗೆ ಕೂತಿರುವ ಕಪ್ಪು ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ (ಆಂಪಿಯರ್ ಅವರ್). ಅದರ ಆಯಸ್ಸು ಮೂರರಿಂದ ಐದು ವರ್ಷ. ಪಕ್ಕ ಉಬ್ಬಿದ್ದರೆ ಯೋಚನೆ ಮಾಡದೆ ಬದಲಿಸಿ. ಚೆನ್ನಾಗಿ ಕಂಡರೂ ಪರೀಕ್ಷೆ ಬೇಕು. ಕರೆಂಟ್ ತೆಗೆದು ಅರ್ಧ ಗಂಟೆ ಬಿಡಿ, ಆಮೇಲೆ ಸೈರನ್ ಹೊಡೆಸಿ ಬ್ಯಾಟರಿಗೆ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಹಿಡಿಯಿರಿ. ಸರ್ರನೆ 12ಕ್ಕಿಂತ ಕೆಳಗೆ ಇಳಿದರೆ ಆ ಬ್ಯಾಟರಿ ಮಳೆಗಾಲದ ಒಂದು ರಾತ್ರಿಗೂ ಬಾಳುವುದಿಲ್ಲ. ಮಲೆನಾಡಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ನಿಮಗೇ ಗೊತ್ತು. ಅಂಥ ರಾತ್ರಿ ಅಲಾರಂ ಉಸಿರಾಡುವುದು ಈ ಬ್ಯಾಟರಿಯಿಂದಲೇ.

ಎಲ್ಲಕ್ಕಿಂತ ಜಾಸ್ತಿ ಮೋಸ ಹೋಗುವ ಜಾಗ ಜೋನ್ ಟರ್ಮಿನಲ್. ವೈರ್ ಹಾಕಿದ ಸಿಸ್ಟಮ್‌ಗಳಲ್ಲಿ ಹೆಚ್ಚಿನವಕ್ಕೆ ಪ್ರತಿ ಜೋನ್ ಲೈನಿನ ಕೊನೆಯಲ್ಲಿ ಒಂದು ಚಿಕ್ಕ ರೆಸಿಸ್ಟರ್, ಅಂದರೆ ಕರೆಂಟನ್ನು ಸ್ವಲ್ಪ ತಡೆಯುವ ಬಿಡಿಭಾಗ, ಇರುತ್ತದೆ. ಅದರ ತಡೆ ಎಷ್ಟು ಓಮ್ ಅನ್ನುವ ಬೆಲೆಯನ್ನೇ ಪ್ಯಾನೆಲ್ ಯಾವಾಗಲೂ ನೋಡುತ್ತಿರುತ್ತದೆ. ಕೆಲವು ಪ್ಯಾನೆಲ್‌ಗೆ 2.2 ಕಿಲೋ ಓಮ್, ಕೆಲವಕ್ಕೆ 4.7, ಕೆಲವಕ್ಕೆ 5.6. ಹಸಿರು, ನೀಲಿ, ಕೆಂಪು ಪಟ್ಟಿ ಇದ್ದರೆ ಅದು 5.6. ಬಾಗಿಲು ತೆರೆದರೂ ವೈರ್ ಕತ್ತರಿಸಿದರೂ ಬೆಲೆ ಬದಲಾಗುತ್ತದೆ, ಅಲಾರಂ ಕೂಗುತ್ತದೆ.

ತೀರ್ಥಹಳ್ಳಿ ಕಡೆಯ ಒಂದು ಗೊಬ್ಬರದ ಅಂಗಡಿಯಲ್ಲಿ ಹೊಸ ಮಾಲೀಕರು ಒಮ್ಮೆ ನೋಡಿಬಿಡಿ ಅಂತ ಕರೆದಿದ್ದರು. ಪ್ಯಾನೆಲ್ ಮೇಲೆ ಎಲ್ಲ ಹಸಿರು. ಅಲಾರಂ ಆನ್ ಮಾಡಿ ಹಿಂದಿನ ಗೋಡೌನ್‌ನಲ್ಲಿ ಓಡಾಡಿದೆ, ಸದ್ದೇ ಇಲ್ಲ. ಮುಚ್ಚಳ ತೆಗೆದರೆ ನಾಲ್ಕನೇ ಜೋನಿನ ಎರಡು ಸ್ಕ್ರೂ ನಡುವೆ ರೆಸಿಸ್ಟರ್ ನೇರವಾಗಿ ಕೂತಿತ್ತು. ಗೋಡೌನ್‌ನಿಂದ ಬಂದ ವೈರ್ ಇನ್ಸುಲೇಷನ್ ಟೇಪ್ ಸುತ್ತಿಸಿಕೊಂಡು ಮೂಲೆಯಲ್ಲಿ ಮಲಗಿತ್ತು. ಮಳೆಗಾಲದಲ್ಲಿ ಸುಮ್ನೆ ಸುಮ್ನೆ ಕೂಗುತ್ತದೆ ಅಂತ ಯಾರೋ ಆ ಜೋನನ್ನೇ ಕೊಂದು ಹೋಗಿದ್ದರು. ಪ್ಯಾನೆಲ್‌ಗೆ ಅದು ತಿಳಿಯುವುದೇ ಇಲ್ಲ, ಬೆಲೆ ಸರಿಯಾಗಿದೆಯಲ್ಲ! ಕಾರಣ ಹುಡುಕಲು ಏಣಿ ಹತ್ತಿದೆ. ಚಲನೆ ನೋಡುವ ಪಿಐಆರ್ ಸೆನ್ಸರ್ ಗೋಡೆಗೂ ಹೆಂಚಿಗೂ ನಡುವಿನ ಸಂದಿಗೆ ಮುಖ ಮಾಡಿ ಕೂತಿತ್ತು, ಒಳಗೆ ಜೇಡದ ಬಲೆ, ಟರ್ಮಿನಲ್ ಮೇಲೆ ಹಸಿರು ಕಿಲುಬು. ಸೆನ್ಸರ್ ಬದಲಿಸಿ ಪಕ್ಕದ ಗೋಡೆಯ ಮೂಲೆಗೆ ಹಾಕಿದೆ. ವೈರ್ ಬರುವ ತೂತಿಗೆ ಸಿಲಿಕಾನ್ ತುಂಬಿಸಿದೆ. ರೆಸಿಸ್ಟರನ್ನು ಸೆನ್ಸರ್ ಒಳಗೇ ಕೂರಿಸಿದೆ. ಆಮೇಲೆ ಸುಳ್ಳು ಅಲಾರಂ ನಿಂತಿತು.

ನೀವೂ ಹೀಗೇ ಮಾಡಿ. ಪವರ್, ಬ್ಯಾಟರಿ ಎರಡೂ ತೆಗೆದು, ಒಂದೊಂದೇ ಜೋನಿನ ವೈರನ್ನು ಟರ್ಮಿನಲ್‌ನಿಂದ ಬಿಡಿಸಿ ಓಮ್ ನೋಡಿ. ಬಾಗಿಲು ಮುಚ್ಚಿದಾಗ ರೆಸಿಸ್ಟರ್ ಬೆಲೆ ಬಂದರೆ ಸರಿ. ಸೊನ್ನೆ ಬಂದರೆ ವೈರ್ ಶಾರ್ಟ್ ಆಗಿದೆ, ಇಲ್ಲವೇ ರೆಸಿಸ್ಟರನ್ನು ಪ್ಯಾನೆಲ್ ಒಳಗೇ ಹಾಕಿ ಕೈ ತೊಳೆದುಕೊಂಡಿದ್ದಾರೆ. ಅಂಥದ್ದನ್ನು ಸೆನ್ಸರ್ ಕಡೆಗೆ ಸಾಗಿಸಿ. ಪ್ಯಾನೆಲ್‌ನಲ್ಲೇ ಇದ್ದರೆ ದಾರಿಯಲ್ಲಿ ಯಾರಾದರೂ ಎರಡು ವೈರ್ ಸೇರಿಸಿದರೂ ಗೊತ್ತಾಗುವುದಿಲ್ಲ. ಪಿಐಆರ್ ಸೆನ್ಸರ್ ಮಾತ್ರ ಪವರ್ ಇಲ್ಲದಿದ್ದಾಗ ಓಪನ್ (ಲೈನ್ ಕಡಿದಂತೆ) ಅಂತಲೇ ತೋರಿಸಬಹುದು, ಅದಕ್ಕೆ 12 ವೋಲ್ಟ್ ಕೊಟ್ಟು ನೋಡಬೇಕು. ವೈರ್ ಸರಿಯಿದ್ದು, ಟರ್ಮಿನಲ್‌ಗೆ ನೇರ ರೆಸಿಸ್ಟರ್ ಹಾಕಿದರೂ ಪ್ಯಾನೆಲ್ ಆ ಜೋನ್ ತೆರೆದಿದೆ ಅಂದರೆ ಒಳಗಿನ ಇನ್‌ಪುಟ್ಟೇ ಸತ್ತಿರಬಹುದು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನಲ್ಲಿ ಇದು ಆಗುತ್ತದೆ. ಖಾಲಿ ಜೋನ್‌ಗೆ ವೈರ್ ಬದಲಿಸಿ, ಅರ್ಥ್ ವೈರ್ ನಿಜವಾಗಿಯೂ ನೆಲದವರೆಗೆ ಹೋಗಿದೆಯಾ ಅಂತಲೂ ನೋಡಿ.

ಪಿಐಆರ್ ಹಿಡಿಯುವುದು ಚಲಿಸುವ ಬಿಸಿಯನ್ನು. ಮನುಷ್ಯ ಎದುರಿಗೆ ನೇರ ಬಂದರೆ ನಿಧಾನವಾಗಿ, ಅಡ್ಡ ಹಾದರೆ ಬೇಗ ಹಿಡಿಯುತ್ತದೆ. ದೇವರ ಫೋಟೋ ಮುಂದೆ ದೀಪ ಉರಿಯಲು ಬಿಟ್ಟು ಅಂಗಡಿ ಮುಚ್ಚುವ ಪದ್ಧತಿ ಇದ್ದರೆ ಸೆನ್ಸರ್ ಮುಖ ಆ ಕಡೆ ಬೇಡ. ಅಡಿಕೆ ಕೊಯ್ಲಿನ ಹೊತ್ತಿಗೆ ಮೂಟೆ ಚಾವಣಿ ತನಕ ಏರುತ್ತದೆ, ಆಗ ಸೆನ್ಸರ್ ಎದುರಿಗೆ ಬರೀ ಗೋಣಿಚೀಲ. ಮೂಟೆ ಜೋಡಿಸುವ ಹುಡುಗರಿಗೆ ಅದನ್ನು ತೋರಿಸಿ ಹೇಳಿಡಿ.

ನಮ್ಮ ಹೆಂಚಿನ ಅಂಗಡಿಗಳಿಗೆ ಶಟರ್ ಸೆನ್ಸರ್ ಒಂದೇ ಸಾಲದು. ನಾಲ್ಕು ಹೆಂಚು ಸರಿಸಿದರೆ ಒಳಗೆ ಇಳಿಯಬಹುದು, ಶಟರ್ ಅಲುಗುವುದೂ ಇಲ್ಲ. ಅಂಗಡಿ ನಡುವೆ ಒಂದು ಪಿಐಆರ್ ಇರಲೇಬೇಕು. ಶಟರ್‌ಗೆ ಮಾತ್ರ ಒಳಬರುವಷ್ಟು, ಅಂದರೆ 20, 30 ಸೆಕೆಂಡ್ ಸಮಯ ಕೊಡಿ. ನೀವು ಕೀಪ್ಯಾಡ್ ತನಕ ನಡೆಯುವ ದಾರಿಯ ಸೆನ್ಸರ್ ಬಿಟ್ಟರೆ ಉಳಿದದ್ದೆಲ್ಲ ಕೂಡಲೇ ಕೂಗಲಿ. ಶಟರ್‌ಗೆ ಮನೆ ಬಾಗಿಲಿನ ಪ್ಲಾಸ್ಟಿಕ್ ಮ್ಯಾಗ್ನೆಟ್ ಸೆನ್ಸರ್ ಹಾಕಿದ್ದರೆ ಕಿತ್ತು, ಶಟರ್‌ಗೇ ಬರುವ ಲೋಹದ ದೊಡ್ಡದನ್ನು ಹಾಕಿಸಿ. ಗಾಳಿಗೆ ಶಟರ್ ಸ್ವಲ್ಪ ಅಲುಗಿದರೂ ಅದು ಸುಳ್ಳು ಹೇಳುವುದಿಲ್ಲ.

ಇಷ್ಟಾದ ಮೇಲೆ ಒಂದು ರಾತ್ರಿ ಅಂಗಡಿ ಮುಚ್ಚಿ, ಪ್ರತಿ ಸೆನ್ಸರನ್ನೂ ಬೇರೆ ಬೇರೆಯಾಗಿ ಕೂಗಿಸಿ. ಸೈರನ್ ಹೊಡೆದು ಫೋನಿಗೆ ಕಾಲ್ ಬಂದರೆ ಮಾತ್ರ ಟಿಕ್ ಹಾಕಿ. ಜೋನ್ ನಂಬರ್, ಯಾವ ಜಾಗ, ಬ್ಯಾಟರಿ ಹಾಕಿದ ತಾರೀಕು, ಸಿಮ್ ನಂಬರ್ ಇವನ್ನು ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಮುಚ್ಚಳದ ಒಳಗೆ ಅಂಟಿಸಿ. ಕೋಡ್ ಮಾತ್ರ ಅದರಲ್ಲಿ ಬರೆಯಬೇಡಿ, ಅದು ಮನೆಯಲ್ಲಿರಲಿ.